ಐದನೇ ಮಹಡಿಯ ಮಾತು

ಈ ಮನೆಗೆ ಬಂದ ದಿನ ನಮ್ಮ ಮನೆಯವರು ನನ್ನ ಅಮ್ಮನಿಗೆ ಒಂದು ಮಾತು ಕೊಟ್ಟಿದ್ದರು. ಸಾಕ್ಷಿ ಇಲ್ಲ ಎನ್ನುವ ಹಾಗಿಲ್ಲ. ಸಾಮಾನು ಹೊರುವವರಿದ್ದರು, ನಾನಿದ್ದೆ, ನನ್ನ ಸೊಂಟದ ಮೇಲೆ ಮಗಳಿದ್ದಳು, ಹೊಟ್ಟೆಯಲ್ಲಿ ಮಗನಿದ್ದ.

ಅಮ್ಮ ಕಟ್ಟಡದ ಕೆಳಗೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ನಮ್ಮ ಕಿಟಕಿಯನ್ನು ಹುಡುಕಿ, “ಐದನೇ ಮಹಡೀನಾ? ಇದೇನು ಮನೆಯೋ ಹದ್ದಿನ ಗೂಡೋ?” ಎಂದಳು.

“ಲಿಫ್ಟ್ ಇದೆಯಲ್ಲ ಅತ್ತೆ,” ಎಂದರು ಇವರು.

“ಲಿಫ್ಟ್ ಕೆಟ್ಟರೆ?”

“ಕೆಟ್ಟರೆ ನಾನಿಲ್ವಾ? ಬೆನ್ನ ಮೇಲೆ ಹೊತ್ತು ಕೆಳಗಿಳಿಸ್ತೀನಿ ನಿಮ್ಮನ್ನ.”

ಆಗ ಅಮ್ಮ ಕಡ್ಡಿಯ ಹಾಗಿದ್ದಳು, ಇವರ ತಲೆಯಲ್ಲಿ ಕೂದಲಿತ್ತು, ಬೆನ್ನು ನೆಟ್ಟಗಿತ್ತು. ಮಾತು ಕೊಡುವವರು ಯಾವಾಗಲೂ ಅವತ್ತಿನ ತೂಕಕ್ಕೆ ಕೊಡುತ್ತಾರೆ. ವರ್ಷಗಳು ಹೋದ ಹಾಗೆ ಅಮ್ಮ ತುಂಬಿಕೊಂಡಳು, ಇವರು ಖಾಲಿಯಾದರು, ಮಾತು ಮಾತ್ರ ಇದ್ದಷ್ಟೇ ಇತ್ತು. ಲಿಫ್ಟಿನ ದೀಪ ಒಂದು ಸಲ ಮಿಣುಕಿದರೂ ಸಾಕು, ಅಮ್ಮ ಇವರ ಬೆನ್ನನ್ನು ನೋಡುತ್ತಿದ್ದಳು, ಕೊಳ್ಳುವವರು ಎತ್ತನ್ನು ನೋಡುವ ಹಾಗೆ.

ಇವರು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಫ್ರೇಮು ಇಟ್ಟು, ಒಂದೊಂದೇ ಗಾಜು ಬದಲಿಸುತ್ತ, ಎದುರಿನ ಫಲಕದ ಅಕ್ಷರ ಓದಿಸುತ್ತಾರೆ. ನಾನು ಲಾಂಡ್ರಿಯಲ್ಲಿ ಊರಿನವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ಮನೆಗೆ ಬರುವ ಹೊತ್ತಿಗೆ ಇವರೂ ಬಂದಿರುತ್ತಾರೆ. ಊಟಕ್ಕೆ ಕೂತರೆ ಇವರದು ಒಂದೇ ದೂರು.

“ಕೊನೇ ಸಾಲು ಕಾಣಿಸ್ತಿಲ್ಲ ಅಂತ ಒಪ್ಪಿಕೊಳ್ಳೋರು ಅಪರೂಪ ಕಣೇ. ಎಲ್ಲರೂ ಊಹೆ ಮಾಡಿ ಓದ್ತಾರೆ. ಸರಿಯಾಗಿ ಓದಿದ್ರೆ ಯಾರು ಬಹುಮಾನ ಕೊಡ್ತಾರೋ ಕಾಣೆ. ಆಮೇಲೆ ತಪ್ಪು ಕನ್ನಡಕ ಹಾಕ್ಕೊಂಡು, ಮೆಟ್ಟಿಲಲ್ಲಿ ಮುಗ್ಗರಿಸಿ, ಬಂದು ನನ್ನ ಬೈತಾರೆ.”

ಮನುಷ್ಯ ಸ್ವಭಾವದ ಈ ಸೂಕ್ಷ್ಮ ಇವರಿಗೆ ಇಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಇವರು ಮರೆತರು.

ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ದೊಡ್ಡಾಸ್ಪತ್ರೆಯಲ್ಲಿ ದಿನ ಗೊತ್ತಾಯಿತು. ಅದೇ ವಾರ ಲಿಫ್ಟ್ ಸತ್ತಿತು. ಮೆಕ್ಯಾನಿಕ್ ಬಂದು, ಮೇಲಿನ ಕೋಣೆಗೆ ಹತ್ತಿ, ಇಳಿದು, ಕೈ ಒರೆಸಿಕೊಳ್ಳುತ್ತ ಹೇಳಿದ: “ಮೋಟಾರು ಸುಟ್ಟು ಹೋಗಿದೆ. ಇನ್ನು ರಿಪೇರಿ ಮಾಡಿದ್ರೆ ಹೆಣಕ್ಕೆ ಇಂಜೆಕ್ಷನ್ ಕೊಟ್ಟ ಹಾಗೆ. ಹೊಸದೇ ಬೇಕು.”

ಕೆಳಗಿನ ಅಂಗಳದಲ್ಲಿ ಸಭೆ ಸೇರಿತು. ಸಂಘದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ನೆಲಮಹಡಿಯಲ್ಲಿ ಇರುತ್ತಾರೆ, ಆದ್ದರಿಂದ ಲಿಫ್ಟಿನ ವಿಷಯದಲ್ಲಿ ತಾಳ್ಮೆ ಬೋಧಿಸುವ ಅರ್ಹತೆ ಅವರೊಬ್ಬರಿಗೇ ಇತ್ತು. ಇವರು ಸಂಘದ ಖಜಾಂಚಿ. ಖಜಾಂಚಿಯನ್ನು ಆರಿಸಿದ ಸಭೆಗೆ ಇವರು ಹೋಗಿರಲಿಲ್ಲ, ಹಾಗಾಗಿ ಅವಿರೋಧವಾಗಿ ಆಯ್ಕೆಯಾಗಿದ್ದರು.

ಮೋಟಾರಿನ ಬೆಲೆ ಕೇಳಿ ಎಲ್ಲರೂ ಗೋಡೆ ನೋಡುತ್ತಿದ್ದಾಗ ಇವರು ಎದ್ದು ನಿಂತರು. ಸಭೆಯಲ್ಲಿ ಇವರು ಎದ್ದು ನಿಂತಿದ್ದೇ ಮೊದಲು, ಹಾಗಾಗಿ ಹೊರಡುತ್ತಿದ್ದಾರೆ ಎಂದುಕೊಂಡು ಪಕ್ಕದವರು ಕಾಲು ಸರಿಸಿದರು.

“ಮೋಟಾರು ನಾನು ತರಿಸ್ತೀನಿ,” ಎಂದರು ಇವರು. “ನೇರ ಕಂಪನಿಯಿಂದ. ಅರ್ಧ ಬೆಲೆಗೆ.”

ಅರ್ಧ ಎನ್ನುವ ಪದಕ್ಕೆ ಜನ ಚಪ್ಪಾಳೆ ತಟ್ಟಿದರು. ಶಾಲೆಯಲ್ಲಿ ಗೋಣಿಚೀಲದ ಓಟದಲ್ಲಿ ಬಿದ್ದಾಗ ಬಿಟ್ಟರೆ ಇವರಿಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಅಂದು ಸಂಜೆಯೇ ಫೋನಿನಲ್ಲಿ ಹುಡುಕಿ ಇವರು ಕಂಪನಿಯ ನಂಬರು ಹಿಡಿದರು. ಆ ಕಡೆಯ ದನಿ ಬಹಳ ಮರ್ಯಾದಸ್ಥ ದನಿಯಂತೆ. ಮಾತಿಗೊಂದು ಸಲ ‘ಸರ್’. ದಿನವಿಡೀ ಅಂಗಡಿಗೆ ಬಂದವರಿಗೆಲ್ಲ ‘ಸರ್’ ಹಂಚುವ ಮನುಷ್ಯನಿಗೆ ಯಾರೋ ಒಬ್ಬರು ಅದನ್ನು ವಾಪಸು ಕೊಟ್ಟರೆ ಎದೆ ಹೇಗೆ ಉಬ್ಬುತ್ತದೆ ಎಂಬುದು ಕೊಟ್ಟ ಕೈಗೇ ಗೊತ್ತು. ರಿಯಾಯಿತಿ, ತೆರಿಗೆ, ಗೋದಾಮು, ಮುಂಗಡ, ಇವತ್ತೇ ಕೊನೇ ದಿನ. ದನಿ ಪಟಪಟನೆ ಹೇಳಿ, “ಅರ್ಥ ಆಯ್ತಾ ಸರ್?” ಎಂದು ಕೇಳಿತು.

ಇವರಿಗೆ ಒಂದು ಅಕ್ಷರ ಅರ್ಥವಾಗಿರಲಿಲ್ಲ. “ಆಯ್ತು ಆಯ್ತು,” ಎಂದರು. ಸಂಘದ ದುಡ್ಡಷ್ಟನ್ನೂ ಕಳಿಸಿದರು.

ನ್ಯಾಯವಾಗಿ ಹೇಳಬೇಕೆಂದರೆ, ಪೆಟ್ಟಿಗೆ ಬಂತು. ನಾಲ್ಕು ಜನ ಹೊತ್ತು ತಂದ ಭಾರಿ ಮರದ ಪೆಟ್ಟಿಗೆ. ಅಧ್ಯಕ್ಷರು ಅದರ ಪಕ್ಕ ನಿಂತು ಸಹಕಾರದ ಬಗ್ಗೆ ನಾಲ್ಕು ಮಾತಾಡಿದರು. ಎರಡನೇ ಮಹಡಿಯ ರೇಡಿಯೋ ಅಕ್ಕ ಫೋಟೋ ತೆಗೆದಳು. ಅವಳಿಗೆ ಆ ಹೆಸರು ಯಾಕೆ ಬಂತು ಎಂದು ವಿವರಿಸುವ ಅಗತ್ಯವಿಲ್ಲ, ಮುಂದೆ ತಾನಾಗಿ ಕೇಳಿಸುತ್ತದೆ.

ಮರುದಿನ ಮಧ್ಯಾಹ್ನ, ಕಟ್ಟಡವೆಲ್ಲ ಕೆಲಸಕ್ಕೆ ಹೋಗಿದ್ದಾಗ, ತಮ್ಮ ಮೋಟಾರಿನ ಮುಖವನ್ನು ಮೊದಲು ತಾವೇ ನೋಡಬೇಕೆಂಬ ಆಸೆಯಿಂದ ಇವರು ಅಂಗಡಿಯಿಂದ ಅರ್ಧ ರಜೆ ಹಾಕಿ ಬಂದರು. ಜೇಬಿನಲ್ಲಿದ್ದದ್ದು ಕನ್ನಡಕದ ಪುಟ್ಟ ಸ್ಕ್ರೂಡ್ರೈವರ್. ಅದರಲ್ಲೇ ಪೆಟ್ಟಿಗೆಯ ಒಂದೊಂದು ತಿರುಪನ್ನೂ ಬಿಚ್ಚಿದರು. ಒಳಗೆ ಥರ್ಮಾಕೋಲ್. ಅದರೊಳಗೆ ಹೊಳೆಯುವ ಪ್ಲಾಸ್ಟಿಕ್. ಅದರೊಳಗೆ ಒಂದು ಸಿಮೆಂಟಿನ ದಿಮ್ಮಿ. ದಾರಿಯಲ್ಲಿ ಅದಕ್ಕೆ ಪೆಟ್ಟಾಗಬಾರದೆಂದು ನಾಲ್ಕೂ ಮೂಲೆಗೆ ಮೆತ್ತನೆ ಸ್ಪಂಜು ಇಟ್ಟಿದ್ದರು.

ಆ ಮರ್ಯಾದಸ್ಥ ನಂಬರಿಗೆ ಫೋನ್ ಮಾಡಿದರೆ, ಆ ಸಂಖ್ಯೆ ಬಳಕೆಯಲ್ಲೇ ಇಲ್ಲ ಎಂದು ಒಬ್ಬ ಹೆಂಗಸು ಹೇಳಿದಳು. ಅವಳೂ ಮರ್ಯಾದೆಯಿಂದಲೇ ಹೇಳಿದಳು.

ಆ ಗಳಿಗೆಯಲ್ಲಿ ಓಡಿಹೋಗಿ ನಾಲ್ಕು ಜನಕ್ಕೆ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಇವರು ತಿರುಪುಗಳನ್ನು ಮೊದಲಿಗಿಂತ ಬಿಗಿಯಾಗಿ ಕೂರಿಸಿದರು.

ಸಂಜೆ ಚೀಲ ಹಿಡಿದು ಬಂದ ಮೆಕ್ಯಾನಿಕ್ ಪೆಟ್ಟಿಗೆಗೆ ಕೈ ಹಾಕಿದ. ಇವರು ಅಡ್ಡ ನಿಂತರು.

“ಮುಟ್ಟಬೇಡ. ವಾರಂಟಿ ಇದೆ.”

“ವಾರಂಟಿ ಇದ್ರೆ ಒಳ್ಳೇದೇ ಅಲ್ವಾ ಸಾರ್. ಬಿಚ್ಚಿ ನೋಡೋಣ.”

“ಕಂಪನಿಯವರೇ ಬಂದು ಬಿಚ್ಚಬೇಕು. ನಾವು ಮುಟ್ಟಿದ್ರೆ ವಾರಂಟಿ ಹೋಗುತ್ತೆ.”

“ಯಾವಾಗ ಬರ್ತಾರೆ?”

“ಬರ್ತಾರೆ. ದೊಡ್ಡ ಕಂಪನಿ. ನಿಧಾನ.”

ವಾರಂಟಿ ಎಂಬ ಪದಕ್ಕೆ ನಮ್ಮ ಕಟ್ಟಡದಲ್ಲಿ ದೇವರಿಗಿರುವಷ್ಟೇ ಭಯಭಕ್ತಿ. ಅಧ್ಯಕ್ಷರು ತಮ್ಮ ಮುದ್ದಾದ ಅಕ್ಷರದಲ್ಲಿ ‘ಬಿಚ್ಚಬಾರದು’ ಎಂದು ಬರೆದು ಅಂಟಿಸಿದರು. ಪೆಟ್ಟಿಗೆ ಅಲ್ಲೇ ಕೂತಿತು. ನಾವು ಮೆಟ್ಟಿಲು ಹತ್ತಿದೆವು. ತರಕಾರಿ ಚೀಲ ಹೊತ್ತು ಬಂದವರು ಮೊದಲು ಪೆಟ್ಟಿಗೆಯ ಮೇಲೆ ಕೂತು ಉಸಿರು ಕೂಡಿಸಿಕೊಂಡು, ಅದರ ಬೆನ್ನು ತಟ್ಟಿ, “ಬೇಗ ಬಾಪ್ಪಾ,” ಎಂದು ಹೇಳಿ ಹತ್ತುತ್ತಿದ್ದರು. ಇವರು ಮಾತ್ರ ಆ ಕಡೆ ನೋಡದೆ ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದರು.

ಊಟ ಸೇರದಾಯಿತು. ಕಣ್ಣಿನ ಕೆಳಗೆ ಕಪ್ಪು. ನಾನು ಕೇಳಿದರೆ, “ಮೆಟ್ಟಿಲು ಕಣೇ, ಮೆಟ್ಟಿಲು,” ಎನ್ನುತ್ತಿದ್ದರು. ಅಮ್ಮನ ಆಪರೇಷನ್ ದಿನ ಹತ್ತಿರ ಬರುತ್ತಿತ್ತು. ಅಮ್ಮನ ಮಂಡಿಗೆ ಒಂದು ಮಹಡಿಯೂ ಆಗದು. ಕೊನೆಗೆ ಇವರಿಗೆ ಹೊಳೆದ ಉಪಾಯ, ಆಸ್ಪತ್ರೆಗೆ ಹೋಗಿ ಗುಟ್ಟಾಗಿ ದಿನ ಮುಂದಕ್ಕೆ ಹಾಕಿಸುವುದು. ಕೌಂಟರಿನವನು ಕಂಪ್ಯೂಟರಿನಿಂದ ಮುಖ ಎತ್ತದೆ, “ಈ ದಿನ ಬಿಟ್ಟರೆ ಇನ್ನು ಮುಂದಿನ ವರ್ಷ. ಅಷ್ಟು ಹೊತ್ತಿಗೆ ಪೊರೆ ಗಟ್ಟಿಯಾಗುತ್ತೆ. ಬೇಕಾ?” ಎಂದ. ಬೇಡ ಎಂದು ಹೇಳಿ ಇವರು ಹೊರಗೆ ಬಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆಗಲೇ ಮಂಡಿ ತೋರಿಸಿಕೊಂಡು ಹೊರಬಂದವಳು ರೇಡಿಯೋ ಅಕ್ಕ.

“ಅಯ್ಯೋ, ನೀವೇನಿಲ್ಲಿ?”

“ಏನಿಲ್ಲ ಅಕ್ಕ. ಏನೇನೂ ಇಲ್ಲ.” ಇವರು ಕಣ್ಣೊರೆಸಿಕೊಂಡರು. “ನಿಮ್ಮ ದಮ್ಮಯ್ಯ, ಮನೇಲಿ ಮಾತ್ರ ಹೇಳ್ಬೇಡಿ.”

ಅಕ್ಕ ಮನೆಯಲ್ಲಿ ಹೇಳಲಿಲ್ಲ. ಮಾತಿಗೆ ತಪ್ಪದ ಹೆಂಗಸು. ಮಿಕ್ಕ ಕಡೆಯೆಲ್ಲ ಹೇಳಿದಳು. ಎರಡನೇ ಮಹಡಿಯಲ್ಲಿ ನಿಶ್ಶಕ್ತಿ ಇದ್ದದ್ದು ಮೂರನೇ ಮಹಡಿಗೆ ಹತ್ತುವಾಗ ಹೊಟ್ಟೆಯ ಹುಣ್ಣಾಯಿತು, ನಾಲ್ಕನೆಯದರಲ್ಲಿ ಗೆಡ್ಡೆಯಾಯಿತು. ಐದನೇ ಮಹಡಿಗೆ ಮಾತ್ರ ಸುದ್ದಿ ಬರಲಿಲ್ಲ. ಅಲ್ಲಿ ನಾವಿದ್ದೆವು.

ಜನ ಮೆಟ್ಟಿಲಿನಲ್ಲಿ ನನ್ನ ಕೈಯಿಂದ ಚೀಲ ಇಸಿದುಕೊಳ್ಳತೊಡಗಿದರು. ಲಿಫ್ಟ್ ಇಲ್ಲದಿದ್ದರೆ ಮನುಷ್ಯರಲ್ಲಿ ಪ್ರೀತಿ ಹೆಚ್ಚುತ್ತದೆ ಎಂದುಕೊಂಡೆ. ಮಕ್ಕಳು ದಿನಾ ಕೈ ತುಂಬ ಚಾಕೊಲೇಟು ಹಿಡಿದು ಬಂದರು. ನಾಲ್ಕನೇ ಮಹಡಿಯ ವಿಮಾ ಏಜೆಂಟು ಇಷ್ಟು ವರ್ಷ ಇವರನ್ನು ಕಂಡಲ್ಲೆಲ್ಲ ಪಾಲಿಸಿ ಪಾಲಿಸಿ ಎಂದು ಬೆನ್ನು ಬಿದ್ದವನು, ಈಗ ಇವರನ್ನು ಕಂಡರೆ ಸರಕ್ಕನೆ ಬಾಗಿಲು ಹಾಕಿಕೊಳ್ಳುತ್ತಿದ್ದ.

ಇದೇ ಹೊತ್ತಿಗೆ ಇವರಿಗೆ ಒಂದು ಫೋನ್ ಬಂತು.

“ಸರ್, ನಿಮಗೆ ಮೋಸ ಆಗಿದೆ ಸರ್. ನಮಗೆ ಗೊತ್ತು. ನಾವು ವಸೂಲಿ ವಿಭಾಗ. ನಿಮ್ಮ ಪೂರ್ತಿ ದುಡ್ಡು ವಾಪಸು ಕೊಡಿಸ್ತೀವಿ. ಸಣ್ಣದೊಂದು ಶುಲ್ಕ ಅಷ್ಟೆ.”

ಹೆಂಡತಿಗೂ ಹೇಳದ ಗುಟ್ಟು ಇವನಿಗೆ ಹೇಗೆ ಗೊತ್ತಾಯಿತು ಎಂದು ಇವರು ಯೋಚಿಸಲಿಲ್ಲ. ಗೊತ್ತಿರುವವನು ಒಬ್ಬನಾದರೂ ಸಿಕ್ಕನಲ್ಲ ಎಂದು ಹಗುರಾದರು. ಅವನ ಹತ್ತಿರ ಎಷ್ಟೋ ಹೊತ್ತು ಕಷ್ಟ ಸುಖ ಮಾತಾಡಿದರು. ಶುಲ್ಕ ಹೊಂದಿಸಲು ಒಂದೆರಡು ದಿನ ಕೇಳಿಕೊಂಡರು. ಅವನು ಬಹಳ ಸಹನೆಯಿಂದ ಒಪ್ಪಿದನಂತೆ.

ಆ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಇಡೀ ಸಂಘ ಏದುಸಿರು ಬಿಡುತ್ತ ನಿಂತಿದೆ. ಅಧ್ಯಕ್ಷರು ಜೀವಮಾನದಲ್ಲಿ ಮೊದಲ ಸಲ ಐದನೇ ಮಹಡಿ ಹತ್ತಿದ್ದರು, ಮುಖ ಕೆಂಡವಾಗಿತ್ತು. ರೇಡಿಯೋ ಅಕ್ಕನ ಕೈಯಲ್ಲಿ ಹಣ್ಣಿನ ಬುಟ್ಟಿ. ನನ್ನನ್ನು ಕಂಡದ್ದೇ ಅವಳು ಅತ್ತಳು. ಯಾಕೆ ಎಂದು ತಿಳಿಯದೆ, ಎದುರಿಗಿದ್ದವರು ಅಳುವಾಗ ಸುಮ್ಮನಿರಬಾರದೆಂದು, ನಾನೂ ಮುಖ ಸಣ್ಣಗೆ ಮಾಡಿದೆ.

ಅಧ್ಯಕ್ಷರು ಉಸಿರು ಸಿಕ್ಕಿದ ಮೇಲೆ ಒಂದು ದಪ್ಪ ಲಕೋಟೆಯನ್ನು ಇವರ ಕೈಗಿಟ್ಟರು.

“ಆಪರೇಷನ್‌ಗೆ ಇರಲಿ. ಬೇಡ ಅನ್ನಬೇಡಿ. ಇಂಥಾ ಕಾಯಿಲೆ ಇಟ್ಟುಕೊಂಡು, ಒಂದು ಮಾತೂ ಆಡದೆ, ನಮಗಾಗಿ ಮೋಟಾರು ತರಿಸಿದ್ರಲ್ಲ. ನಮ್ಮ ಶಾಲೇಲಿ ಇದನ್ನ ಪಾಠ ಮಾಡಬೇಕು.”

“ಯಾರಿಗೆ ಕಾಯಿಲೆ?” ಒಳಗಿನಿಂದ ಅಮ್ಮ ಕೇಳಿದಳು.

ಏಜೆಂಟು ನೆಲ ನೋಡುತ್ತ, “ನಾನು ಅವಾಗಲೇ ಹೇಳಿದ್ದೆ,” ಎಂದ. ಇವರು ಲಕೋಟೆ ನೋಡಿದರು. ಅವರೆಲ್ಲ ಇವರ ಭುಜ ಮುಟ್ಟಿ ಮುಟ್ಟಿ, ಸಾಲಾಗಿ ಇಳಿದು ಹೋದರು.

ನಾನು ಇವರನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

“ಏನು ಕಾಯಿಲೆ ರೀ?”

“ಕಾಯಿಲೆ ಇಲ್ಲ.”

“ಮತ್ತೆ?”

“ಸಿಮೆಂಟು.”

ಎಲ್ಲವನ್ನೂ ಹೇಳಿದರು. ಮೊದಲು ಬದುಕಿದ್ದಾರಲ್ಲ ಎಂದು ಸಂತೋಷವಾಯಿತು, ಆಮೇಲೆ ಸಾಯಿಸಬೇಕು ಅನ್ನಿಸಿತು. ಇಂಥ ಹೊತ್ತಿನಲ್ಲಿ ಒಬ್ಬಳೇ ಹೆಂಗಸಿಗೆ ಎರಡೂ ಸಾಧ್ಯ. ನಾನು ನಲ್ಲಿ ಬಿಟ್ಟು, ಇದ್ದ ಪಾತ್ರೆಗಳನ್ನೆಲ್ಲ ತೊಳೆದೆ. ತೊಳೆದಿಟ್ಟದ್ದನ್ನು ಇನ್ನೊಮ್ಮೆ ತೊಳೆದೆ.

“ನೋಡು,” ಎಂದರು ಇವರು, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು. “ಇದು ಅವರ ದುಡ್ಡೇ ತಾನೆ. ಇದರಲ್ಲಿ ಆ ವಸೂಲಿಯವನಿಗೆ ಶುಲ್ಕ ಕಟ್ಟಿದ್ರೆ ಹೋದ ದುಡ್ಡು ಬರುತ್ತೆ. ಬರದಿದ್ರೂ ಇದರಲ್ಲೇ ಮೋಟಾರು ತರಬಹುದು. ಅವರ ದುಡ್ಡು ಅವರ ಲಿಫ್ಟಿಗೆ. ಯಾರಿಗೆ ನಷ್ಟ?”

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೂ ಅದು ಸರಿ ಅನ್ನಿಸಿತು. ದಿನಾ ಐದು ಮಹಡಿ ಹತ್ತುವವಳಿಗೆ ಯಾವ ತರ್ಕವೂ ಸರಿಯೇ.

“ಸರಿ,” ಎಂದೆ. “ಆಮೇಲೆ ನೀವು ಯಾವಾಗ ಹೋಗ್ತೀರಿ?”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಆಪರೇಷನ್‌ಗೆ ಅಂತ ಕೊಟ್ಟಿದ್ದಾರೆ. ಒಂದೋ ಹೊಟ್ಟೆ ಮೇಲೆ ಹೊಲಿಗೆ ತೋರಿಸ್ಬೇಕು, ಇಲ್ಲಾ ಹೋಗ್ಬೇಕು. ಸುಮ್ನೆ ದುಂಡಗೆ ಓಡಾಡ್ಕೊಂಡಿದ್ರೆ ರೇಡಿಯೋ ಅಕ್ಕ ಬಿಡ್ತಾಳಾ?”

ಇವರು ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡರು.

“ಅವನು ದುಡ್ಡು ತಗೊಂಡು ಸಿಮೆಂಟಾದ್ರೂ ಕಳಿಸಿದ ರೀ,” ಎಂದೆ. “ನೀವೇನು ಕಳಿಸ್ತೀರಿ ಇವರಿಗೆ?”

ಇವರು ಲಕೋಟೆಯನ್ನು ಒಲೆಯ ಪಕ್ಕ ಇಟ್ಟರು. ಬಿಸಿಯಾದ ಪಾತ್ರೆ ಇಟ್ಟ ಹಾಗೆ ಇಟ್ಟರು.

ಬಾಗಿಲಾಚೆ ಅಮ್ಮನ ದನಿ ಕೇಳಿತು. “ಅಳಿಯಂದ್ರು ಸಾಯ್ತಾರೋ ಇಲ್ವೋ? ಅದೊಂದು ಹೇಳಿ, ಮಿಕ್ಕಿದ್ದು ಆಮೇಲೆ ಜಗಳ ಆಡಿ.”

“ಇಲ್ಲಮ್ಮ. ಗುಂಡುಕಲ್ಲಿನ ಹಾಗಿದ್ದಾರೆ.”

“ಹಾಗಾದ್ರೆ ಹೊರೋಕೆ ಅಡ್ಡಿ ಇಲ್ಲ,” ಎಂದಳು ಅಮ್ಮ.

ಮರುದಿನ ಸಂಜೆ ಇವರೇ ಸಭೆ ಕರೆದರು. ರೋಗಿ ಕರೆದ ಸಭೆಗೆ ಯಾರು ಬರುವುದಿಲ್ಲ? ಏಜೆಂಟು ಕೂಡ ಬಂದ. ಕೊನೆಯ ಮಾತು ಹೇಳುತ್ತಾರೆಂದು ರೇಡಿಯೋ ಅಕ್ಕ ಕರವಸ್ತ್ರವನ್ನು ಮೊದಲೇ ಕೈಗೆ ತೆಗೆದುಕೊಂಡಿದ್ದಳು. ಇವರು ಪೆಟ್ಟಿಗೆಯ ಪಕ್ಕ ನಿಂತು, ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, ತಿರುಪು ಬಿಚ್ಚತೊಡಗಿದರು.

“ವಾರಂಟಿ,” ಎಂದರು ಅಧ್ಯಕ್ಷರು ಗಾಬರಿಯಿಂದ.

ಇವರು ನಿಲ್ಲಿಸಲಿಲ್ಲ. ಆ ಸ್ಕ್ರೂಡ್ರೈವರಿನಲ್ಲಿ ಬಿಚ್ಚಲು ಬಹಳ ಹೊತ್ತು ಬೇಕಾಯಿತು. ಮುಚ್ಚಳ ತೆಗೆದು, ಥರ್ಮಾಕೋಲ್ ಎತ್ತಿ, ಪ್ಲಾಸ್ಟಿಕ್ ಸರಿಸಿ, ಇವರು ಪಕ್ಕಕ್ಕೆ ನಿಂತರು. ಎಲ್ಲರೂ ಬಗ್ಗಿ ನೋಡಿದರು.

“ದುಡ್ಡು ಹೋಯಿತು,” ಎಂದರು ಇವರು. “ನಿಮ್ಮೆಲ್ಲರದೂ. ನನಗೆ ಮೋಸ ಮಾಡಿದವನು ಯಾರೋ ಗೊತ್ತಿಲ್ಲ. ಆದರೆ ಆಮೇಲೆ ನಿಮಗೆ ಸುಳ್ಳು ಹೇಳಿದವನು ನಾನೇ. ವಾರಂಟಿ ಇಲ್ಲ. ಕಂಪನಿ ಇಲ್ಲ. ನನಗೆ ಕಾಯಿಲೆನೂ ಇಲ್ಲ.” ಲಕೋಟೆಯನ್ನು ಸಿಮೆಂಟಿನ ಮೇಲಿಟ್ಟರು. “ನನಗೆ ಕಾಣಿಸ್ಲಿಲ್ಲ. ಕಾಣಿಸ್ತಿದೆ ಅಂದೆ. ಅಷ್ಟೇ.”

ಮೊದಲು ಮಾತಾಡಿದವಳು ರೇಡಿಯೋ ಅಕ್ಕ. “ಅಂದ್ರೆ, ಏನೇನೂ ಇಲ್ವಾ? ಗ್ಯಾಸ್ಟ್ರಿಕ್ಕೂ ಇಲ್ವಾ?”

“ಇಲ್ಲ ಅಕ್ಕ.”

“ನಾನು ಎಷ್ಟು ಅತ್ತಿದ್ದೀನಿ ಗೊತ್ತಾ?”

“ಗೊತ್ತು. ತಪ್ಪಾಯ್ತು.”

ಮೆಕ್ಯಾನಿಕ್ ಬೆರಳ ಗಂಟಿನಿಂದ ದಿಮ್ಮಿಯನ್ನು ಕುಟ್ಟಿ ನೋಡಿ, “ಸಿಮೆಂಟು ಒಳ್ಳೇ ಮಾಲು,” ಎಂದ. ಏಜೆಂಟಿನ ಮುಖ ಮೆಲ್ಲಗೆ ಅರಳಿತು. “ಕಾಯಿಲೆ ಇಲ್ಲ ಅಂದ್ರೆ ಪಾಲಿಸಿ ಮಾಡಿಸಬಹುದು,” ಎಂದ.

ಅಧ್ಯಕ್ಷರು ಮಾತ್ರ ಹೆಡ್‌ಮಾಸ್ಟರಾದರು. ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆದರು. “ಫೋನಿನಲ್ಲಿ ಯಾರೋ ಮಾತಾಡಿದ ಅಂತ ದುಡ್ಡು ಕಳಿಸೋದೇ? ಮೂರನೇ ಕ್ಲಾಸಿನ ಮಗು ಕಳಿಸಲ್ಲ. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಸ್ವಲ್ಪ, ಒಂದೇ ಒಂದು ಚೂರು ಯೋಚನೆ ಮಾಡಿದ್ರೆ…”

ಅಷ್ಟರಲ್ಲಿ ಇವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ವಸೂಲಿ ವಿಭಾಗ.

“ಎಲ್ಲರೂ ಕೇಳಲಿ,” ಎಂದು ನಾನು ಹೇಳಿದೆ. ಇವರು ಸ್ಪೀಕರ್ ಹಾಕಿ ಫೋನನ್ನು ಸಿಮೆಂಟಿನ ಮೇಲಿಟ್ಟರು.

“ಸರ್, ನಮಸ್ಕಾರ ಸರ್. ಕಳ್ಳ ಸಿಕ್ಕಿದ್ದಾನೆ ಸರ್. ನಿಮ್ಮ ಪೂರ್ತಿ ದುಡ್ಡು ನಮ್ಮ ಮೇಜಿನ ಮೇಲೇ ಇದೆ. ಶುಲ್ಕ ಬಂದ ತಕ್ಷಣ ಬಿಡುಗಡೆ. ಆದರೆ ಇವತ್ತೇ ಕೊನೇ ದಿನ ಸರ್. ನಾಳೆ ಅದು ಸರ್ಕಾರಕ್ಕೆ ಸೇರಿಬಿಡುತ್ತೆ.”

ಅಧ್ಯಕ್ಷರು ನಡೆಯುವುದನ್ನು ನಿಲ್ಲಿಸಿದರು.

“ಮೇಜಿನ ಮೇಲೆ ಇದೆಯಂತೆ,” ಎಂದು ಪಿಸುಗುಟ್ಟಿದಳು ರೇಡಿಯೋ ಅಕ್ಕ.

“ಸರ್ಕಾರಕ್ಕೆ ಹೋದ್ರೆ ಮುಗೀತು,” ಎಂದ ಏಜೆಂಟು. “ಅಲ್ಲಿಂದ ಏನೂ ವಾಪಸು ಬರಲ್ಲ.”

ಅಧ್ಯಕ್ಷರು ಫೋನಿನ ಮೇಲೆ ಬಗ್ಗಿದರು. “ನಾನು ಸಂಘದ ಅಧ್ಯಕ್ಷ ಮಾತಾಡ್ತಿರೋದು. ಶುಲ್ಕ ಎಷ್ಟು?”

“ಓ, ಅಧ್ಯಕ್ಷರು. ದೊಡ್ಡವರ ಹತ್ತಿರ ಮಾತಾಡೋ ಭಾಗ್ಯ ಸರ್. ನಿಮ್ಮ ದನಿಯಲ್ಲೇ ಗೊತ್ತಾಗುತ್ತೆ, ವಿದ್ಯಾವಂತರು.” ಮುಂದೆ ಶುಲ್ಕ, ಅದಕ್ಕೆ ಮುದ್ರಾಂಕ, ಅದಕ್ಕೆ ಭದ್ರತೆ, ಆಮೇಲೆ ಅದೇ ಶುಲ್ಕದ ಮರುಪಾವತಿ, ಎಲ್ಲವನ್ನೂ ಪಟಪಟನೆ ಹೇಳಿ, “ಅರ್ಥ ಆಯ್ತಾ ಸರ್?” ಎಂದಿತು ದನಿ.

“ಆಯ್ತು, ಆಯ್ತು,” ಎಂದರು ಅಧ್ಯಕ್ಷರು. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಅಧ್ಯಕ್ಷರ ಕೈ ಪರ್ಸಿನ ಕಡೆ ಹೋಯಿತು. ರೇಡಿಯೋ ಅಕ್ಕ ಲಕೋಟೆಯನ್ನು ಎತ್ತಿ ಅವರ ಕಡೆ ಚಾಚಿದಳು. “ಇದರಲ್ಲೇ ಕೊಟ್ಟುಬಿಡೋಣ, ಸಣ್ಣ ಮೊತ್ತ ತಾನೆ.”

ಇವರು ಆ ತಲೆಗಳನ್ನು ಒಂದೊಂದಾಗಿ ನೋಡಿದರು. ಅಂಗಡಿಯ ಕುರ್ಚಿಯಲ್ಲಿ ಕೂತು, ಕಣ್ಣು ಕಿರಿದು ಮಾಡಿ, ಕೊನೇ ಸಾಲನ್ನು ಊಹೆಯಲ್ಲಿ ಓದುವವರ ಮುಖ ಇವರಿಗೆ ಗೊತ್ತು. ಅಷ್ಟೂ ಮುಖ ಅಲ್ಲಿತ್ತು.

“ನನಗೆ ಅರ್ಥ ಆಗಲಿಲ್ಲ,” ಎಂದರು ಇವರು.

“ಸರ್?”

“ಅರ್ಥ ಆಗಲಿಲ್ಲ. ಮೊದಲಿಂದ ಹೇಳಿ.”

ದನಿ ಮೊದಲಿನಿಂದ ಹೇಳಿತು.

“ಊಹೂಂ. ನನ್ನ ದುಡ್ಡು ನಿಮ್ಮ ಮೇಜಿನ ಮೇಲಿದೆ. ಶುಲ್ಕ ಅದರಲ್ಲೇ ಹಿಡ್ಕೊಂಡು ಮಿಕ್ಕಿದ್ದು ಕಳಿಸಿ. ಯಾಕಾಗಲ್ಲ? ಇದು ನನಗೆ ಕಾಣಿಸ್ತಿಲ್ಲ.”

“ನಿಯಮ ಸರ್.”

“ಯಾವ ನಿಯಮ? ನಿಧಾನಕ್ಕೆ ಹೇಳಿ. ನಾನು ದಡ್ಡ. ನನಗೆ ಮೋಸ ಆಗಿದ್ದು ನಿಮಗೆ ಯಾರು ಹೇಳಿದ್ರು? ನಾನು ಯಾರಿಗೂ ಹೇಳಿರ್ಲಿಲ್ಲ. ಅದೂ ಅರ್ಥ ಆಗಲಿಲ್ಲ.”

ಇವರು ಜಾಣತನ ಮಾಡುತ್ತಿದ್ದಾರೆ ಎಂದು ಯಾರಾದರೂ ತಿಳಿದರೆ ತಪ್ಪು. ಇವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ದನಿ ಮೂರನೇ ಸಲ ಹೇಳುವಾಗ ‘ಸರ್’ ಕಡಿಮೆಯಾಯಿತು. ನಾಲ್ಕನೇ ಸಲ ‘ಸರ್’ ಪೂರ್ತಿ ಹೋಗಿ ಏಕವಚನ ಬಂತು. ಆಮೇಲೆ ಇವರ ತಾಯಿತಂದೆಯರ ಬಗ್ಗೆ ಎರಡು ಮಾತು ಬಂದು ಫೋನ್ ಕಟ್ಟಾಯಿತು.

ಅಧ್ಯಕ್ಷರು ಪರ್ಸನ್ನು ಒಳಗಿಟ್ಟುಕೊಂಡರು. ಕೆಮ್ಮಿದರು. ಎಲ್ಲರೂ ಒಟ್ಟಾಗಿ ಸಿಮೆಂಟನ್ನು ನೋಡಿದರು.

“ಮೂರನೇ ಕ್ಲಾಸಿನ ಮಗು,” ಎಂದು ನೆನಪಿಸಿದ ಮೆಕ್ಯಾನಿಕ್.

“ಸುಮ್ನಿರಯ್ಯ,” ಎಂದರು ಅಧ್ಯಕ್ಷರು.

ಅವರೇ ಇವರನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು, ನಾನೂ ಜೊತೆಗೆ ಹೋದೆ. ದೂರು ಬರೆದುಕೊಂಡವರು ಒಬ್ಬ ಹೆಂಗಸು, ಅವರ ಮುಖದಲ್ಲೂ ನನ್ನ ಹಾಗೇ ಮನೆಯಲ್ಲಿ ಮಕ್ಕಳ ಹೋಂವರ್ಕ್ ಕಾಯುತ್ತಿರುವ ಕಳೆ. “ಅವತ್ತೇ ಬಂದಿದ್ರೆ ದುಡ್ಡನ್ನ ದಾರೀಲೇ ತಡೆಯಬಹುದಿತ್ತು. ಯಾಕೆ ಬರಲಿಲ್ಲ?” ಎಂದು ಕೇಳಿದರು.

“ನಾಚಿಕೆ ಆಯ್ತು ಮೇಡಂ.”

“ಕದ್ದವನಿಗೆ ಆಗಲ್ಲ, ಕಳ್ಕೊಂಡವರಿಗೇ ಆಗುತ್ತೆ,” ಎಂದು ಅವರು ಬೇಸರದಿಂದ ಇನ್ನೊಂದು ಹಾಳೆ ತಿರುವಿದರು. “ಏನು ಕಳಿಸಿದ್ದಾನೆ?”

“ಸಿಮೆಂಟು.”

“ನೀವು ಪುಣ್ಯವಂತರು. ನಿನ್ನೆಯವರಿಗೆ ಬರೀ ಹುಲ್ಲು.”

ದುಡ್ಡು ಬರಲಿಲ್ಲ. ಬಂದೀತೆಂದು ನಾವೂ ಕಾಯಲಿಲ್ಲ. ಇವರು ಸ್ಕೂಟರ್ ಮಾರಿದರು. ಭಾನುವಾರಗಳಲ್ಲಿ ಇನ್ನೊಂದು ಅಂಗಡಿಯಲ್ಲಿ ಗಾಜು ಉಜ್ಜಲು ಹೋಗತೊಡಗಿದರು, ಈಗಲೂ ಹೋಗುತ್ತಾರೆ. ಬೇಡ, ನಷ್ಟವನ್ನು ಎಲ್ಲರೂ ಹಂಚಿಕೊಳ್ಳೋಣ ಎಂದು ಅಧ್ಯಕ್ಷರು ಎರಡು ಸಲ ಹೇಳಿದರು. ಇವರು ಎರಡು ಸಲವೂ, “ಕಳಿಸಿದ್ದು ನನ್ನ ಬೆರಳು ಸಾರ್,” ಎಂದರು. ಲಕೋಟೆಯ ದುಡ್ಡನ್ನು ಸಂಘ ಮೋಟಾರಿಗೆ ಮುಂಗಡವಾಗಿ ಇವರಿಗೆ ಸಾಲ ಕೊಟ್ಟಿತು. ಇವರು ಖಜಾಂಚಿ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟು, ಅದನ್ನು ಚರ್ಚಿಸಿದ ಸಭೆಗೆ ಮುಜುಗರದಿಂದ ಹೋಗಲಿಲ್ಲ. ಹಾಗಾಗಿ ಮತ್ತೆ ಅವಿರೋಧವಾಗಿ ಆಯ್ಕೆಯಾದರು.

ಹೊಸ ಮೋಟಾರನ್ನು ಮೆಕ್ಯಾನಿಕ್ಕೇ ಹೋಗಿ, ಕಣ್ಣಾರೆ ನೋಡಿ, ತಿರುಗಿಸಿ ಕೇಳಿ, ಗೊತ್ತು ಮಾಡಿ ಬಂದ. ಅದು ಅಮ್ಮನ ಆಪರೇಷನ್ ಕಳೆದ ಮೇಲೆ ಬರುವುದಿತ್ತು.

ಆಪರೇಷನ್ ದಿನ ಬೆಳಿಗ್ಗೆ ಅಮ್ಮ ಒಗೆದ ಸೀರೆ ಉಟ್ಟು, ತಲೆ ಬಾಚಿ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಏಜೆಂಟು ಕುರ್ಚಿ ತಂದಿದ್ದ, ನಾಲ್ಕು ಜನ ಹಿಡಿದು ಇಳಿಸಬಹುದು ಎಂದ. ಮೆಕ್ಯಾನಿಕ್ ಹಗ್ಗ ತಂದಿದ್ದ, ಅದನ್ನು ಏನು ಮಾಡುವುದೆಂದು ಹೇಳಲಿಲ್ಲ. ಅಮ್ಮ ಇಬ್ಬರನ್ನೂ ಕೈಯಲ್ಲೇ ತಡೆದಳು.

“ಅಳಿಯಂದ್ರು ಮಾತು ಕೊಟ್ಟಿದ್ದಾರೆ,” ಎಂದಳು.

ಇವರು ಅಂಗಿಯ ತೋಳು ಮಡಚಿ, ಅಮ್ಮನ ಮುಂದೆ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತರು. ಅಮ್ಮ ಹತ್ತಿದಳು. ಇವರು ಏಳಲು ಮಾಡಿದ ಮೊದಲ ಪ್ರಯತ್ನವನ್ನು ಇಲ್ಲಿ ವರ್ಣಿಸುವುದಿಲ್ಲ. ಎರಡನೆಯದರಲ್ಲಿ ಎದ್ದರು.

“ಅತ್ತೆ, ಗಟ್ಟಿಯಾಗಿ ಹಿಡ್ಕೊಳ್ಳಿ.”

“ನಾನು ಹಿಡ್ಕೊಂಡೇ ಇದ್ದೀನಿ. ಎಷ್ಟೋ ವರ್ಷದಿಂದ.”

ನಾಲ್ಕನೇ ಮಹಡಿಯಲ್ಲಿ ಗೋಡೆಗೆ ಒರಗಿ ನಿಂತರು. ಮೂರನೆಯದರಲ್ಲಿ ಒಬ್ಬರು ನೀರು ಕುಡಿಸಿದರು. ಒಂದೊಂದು ಬಾಗಿಲೂ ತೆರೆದು ಜನ ನಿಂತಿದ್ದರು. ಇವರ ಮುಖ ಕಂಡು ರೇಡಿಯೋ ಅಕ್ಕ, “ಈಗ ನಿಜವಾಗ್ಲೂ ಆಸ್ಪತ್ರೆಗೆ ಸೇರಿಸ್ಬೇಕಾಗುತ್ತೆ,” ಎಂದಳು. ನಾನು ಹಿಂದೆಯೇ ಅಮ್ಮನ ಚಪ್ಪಲಿ ಹಿಡಿದು ಇಳಿಯುತ್ತಿದ್ದೆ. ಇವರ ಕಾಲು ನಡುಗುವುದು ಹಿಂದಿನಿಂದ ಕಾಣುತ್ತಿತ್ತು. ಮೆಟ್ಟಿಲು ಸಿಗುವ ತನಕ ಪಾದದಿಂದ ತಡವಿ, ಸಿಕ್ಕಿದ ಮೇಲೇ ಭಾರ ಬಿಡುತ್ತಿದ್ದರು.

ಕೆಳಗೆ ಆ ಪೆಟ್ಟಿಗೆ ಇನ್ನೂ ಇತ್ತು. ಹೊರಲು ಭಾರ, ಎಸೆಯಲು ಯಾರಿಗೂ ಮನಸ್ಸಿಲ್ಲ, ಕೂರಲು ಚೆನ್ನಾಗಿದೆ. ಇವರು ಅಮ್ಮನನ್ನು ಅದರ ಮೇಲೆ ಇಳಿಸಿ, ಪಕ್ಕದಲ್ಲಿ ಕುಸಿದು ಕೂತರು. ಅಮ್ಮ ಸೀರೆ ಸರಿ ಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಮೋಟಾರು ಬರುವ ತನಕ ಅಧ್ಯಕ್ಷರ ಮನೆಯ ಹೊರಗಿನ ಕೋಣೆಯಲ್ಲಿದ್ದಳು. ಹತ್ತಿಸುತ್ತೇನೆ ಎಂದು ಇವರು ಹೇಳಿರಲಿಲ್ಲ. ಇಳಿಸುತ್ತೇನೆ ಎಂದಿದ್ದರು. ಇಳಿಸಿದರು.